ಇನೌಯೆ 126 ಪೌಂಡ್‌ಗೆ ಏರಿದರೆ ಪಂಚ್ ಹಾಗೇ ಉಳಿಯುತ್ತಾ? ತೂಕ ಏರಿದ ಬಾಕ್ಸರ್‌ನನ್ನು ಅಳೆಯುವುದು ಹೇಗೆ?

122 ಪೌಂಡ್‌ನ ತೂಕ ವಿಭಾಗದಿಂದ 126ರದಕ್ಕೆ ಅಂದರೆ ಬರೀ 1.8 ಕಿಲೋ, ಒಂದು ಊಟ ಒಂದು ಚೊಂಬು ನೀರಿನಷ್ಟು, ಅಷ್ಟಕ್ಕೆ ಜಪಾನಿನ ಬಾಕ್ಸರ್ ನವೊಯಾ ಇನೌಯೆಯಂಥವನ ಆಟ ಬದಲಾಗುತ್ತಾ ಎಂದು ಕೇಳಿದ್ದೀರಿ. ಪಂಚಿನ ಬಲ ಎಲ್ಲೂ ಹೋಗುವುದಿಲ್ಲ. ಇಬ್ಬರಲ್ಲಿ ದೊಡ್ಡ ಮೈ ತನ್ನದು ಎನ್ನುವ ಅನುಕೂಲ ಮಾತ್ರ ಹೋಗುತ್ತದೆ. ತೂಕ ಏರಿದವರ ಲೆಕ್ಕವನ್ನೆಲ್ಲ ನಾನು ಅಲ್ಲಿಂದಲೇ ಶುರುಮಾಡುತ್ತೇನೆ.

ಮೊದಲು ತೂಕದ ವಿಷಯ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕ ಪರೀಕ್ಷೆ ಪಂದ್ಯದ ಹಿಂದಿನ ದಿನ ನಡೆಯುತ್ತದೆ. ತಕ್ಕಡಿ ಇಳಿದ ಮೇಲೆ ಕುಡಿದು ತಿಂದು ಸುಧಾರಿಸಿಕೊಳ್ಳಲು 24 ಗಂಟೆಗಿಂತ ಹೆಚ್ಚು ಸಮಯ ಸಿಗುತ್ತದೆ. ಆದ್ದರಿಂದ ಪ್ರತಿ ಬಾಕ್ಸರ್‌ಗೂ ಎರಡು ತೂಕ: ತಕ್ಕಡಿಯದು ಒಂದು, ರಿಂಗಿಗೆ ಹತ್ತುವಾಗಿನದು ಇನ್ನೊಂದು. ನಿಮಗೆ ಬೇಕಾದ್ದು ಎರಡನೆಯದು. ವಿಶ್ವ ಪ್ರಶಸ್ತಿ ಕೊಡುವ ಸಂಸ್ಥೆಗಳಲ್ಲೊಂದಾದ ಐಬಿಎಫ್‌ನ ಪ್ರಶಸ್ತಿ ಪಂದ್ಯಗಳಲ್ಲಿ ಎರಡನೇ ದಿನ ಬೆಳಿಗ್ಗೆ ಮತ್ತೆ ತೂಗಿ, ಮಿತಿಗಿಂತ 10 ಪೌಂಡ್‌ಗೂ ಹೆಚ್ಚು ಏರಿರಬಾರದು ಎನ್ನುವ ನಿಯಮವಿದೆ. ಅಂಥದ್ದೊಂದು ನಿಯಮ ಬೇಕಾಯಿತು ಅಂದರೆ ಜನ ಒಂದೇ ರಾತ್ರಿಯಲ್ಲಿ ಎಷ್ಟು ಏರುತ್ತಾರೆಂದು ನೀವೇ ಊಹಿಸಿ.

ತೂಕ ಏರಿದ ಬಾಕ್ಸರ್ ಕೆಳಗಿನ ವಿಭಾಗದಲ್ಲಿ ಮೈಯ ನೀರು ಹಿಂಡಿ ತೂಕ ಇಳಿಸುತ್ತಿದ್ದನೇ? ಹಾಗಿದ್ದರೆ ಮೇಲಿನ ವಿಭಾಗದಲ್ಲಿ ಅದೇ ಮೈ ಒಣಗದೆ ರಿಂಗಿಗೆ ಬರುತ್ತದೆ, ಕಾಲು ಹಗುರಾಗುತ್ತದೆ, ಪೆಟ್ಟು ತಿಂದರೂ ಬೇಗ ಚೇತರಿಸಿಕೊಳ್ಳುತ್ತಾನೆ. ಹೆಚ್ಚೇನೂ ಇಳಿಸದೆಯೇ ಕೆಳಗಿದ್ದವನಾದರೆ, ಮೇಲೆ ಹೋದ ದಿನದಿಂದ ಅವನು ನಿಜಕ್ಕೂ ಸಣ್ಣವನು.

ಮೊದಲ ಬಗೆಗೆ ಇನೌಯೆಯೇ ಒಳ್ಳೆಯ ಉದಾಹರಣೆ. 2014ರ ಏಪ್ರಿಲ್‌ನಲ್ಲಿ 108 ಪೌಂಡ್‌ನ ಪ್ರಶಸ್ತಿ ಗೆದ್ದಾಗ, ಎದುರಾಳಿಯನ್ನು ಆರನೇ ರೌಂಡಿನಲ್ಲಿ ಮುಗಿಸಿದರೂ, ತೂಕ ಇಳಿಸಿದ ಪರಿಣಾಮ ಕಾಲು ಸೆಳೆತಕ್ಕೆ ಸಿಕ್ಕಿತ್ತು. ಅದೇ ವರ್ಷ ಡಿಸೆಂಬರ್ 30ಕ್ಕೆ 112 ಅನ್ನು ಹಾರಿ ನೇರ 115ಕ್ಕೆ ಹೋದ. ಅಲ್ಲಿಯವರೆಗೆ ಯಾರಿಗೂ ನಾಕ್‌ಔಟ್ ಆಗದ ಒಮರ್ ನಾರ್ವಾಯೆಸ್‌ನನ್ನು ಎರಡೇ ರೌಂಡಿನಲ್ಲಿ ಮಲಗಿಸಿದ. 6.5 ಶೇಕಡಾ ತೂಕ ಏರಿದ ಮೇಲೆ ಪಂಚ್ ಇನ್ನೂ ಭಾರವಾಗಿ ಕಂಡಿತು, ಯಾಕೆಂದರೆ ಏಟಿಗೆ ಬಲ ಕೊಡುವ ಕಾಲುಗಳು ಈಗ ಅವನ ಹಿಡಿತದಲ್ಲಿದ್ದವು.

ಆದರೆ ಈ ಸುಖ ಒಂದೆರಡು ಮೆಟ್ಟಿಲಿಗೆ ಮುಗಿಯುತ್ತದೆ. ಅವನ ದಾಖಲೆಯನ್ನೇ ವಿಭಾಗವಾರು ಬಿಡಿಸಿ ನೋಡಿ. 118 ಪೌಂಡ್‌ನಲ್ಲಿ 9 ಪಂದ್ಯ, 8 ನಾಕ್‌ಔಟ್. ಅದರಲ್ಲಿ ನಾಲ್ಕು ಮೊದಲ ಎರಡು ರೌಂಡಿನೊಳಗೆ. 122ರಲ್ಲಿ 2025ರ ಕೊನೆಯವರೆಗೆ 8 ಪಂದ್ಯ, 6 ನಾಕ್‌ಔಟ್. ನಾಲ್ಕನೇ ರೌಂಡಿಗಿಂತ ಮುಂಚೆ ಒಂದೂ ಇಲ್ಲ. ನಾಕ್‌ಔಟ್ ಸರಾಸರಿ ಬಂದ ರೌಂಡು 118ರಲ್ಲಿ 4.4, 122ರಲ್ಲಿ 7.2. ಆ ಎಂಟರಲ್ಲಿ ಕೊನೆಯ ಎರಡು, ಅಖ್ಮದಲಿಯೆವ್ ಮತ್ತು ಪಿಕಾಸೊ ವಿರುದ್ಧದವು, ನಾಕ್‌ಔಟ್ ಇಲ್ಲದೆ ತೀರ್ಪುಗಾರರ ಅಂಕಕ್ಕೇ ಹೋದವು. ಎದುರಾಳಿಗಳ ಗುಣಮಟ್ಟ ಒಂದೇ ಅಲ್ಲ, ವಯಸ್ಸೂ ಸೇರಿದೆ, ಒಪ್ಪಿದೆ. ಆದರೂ 'ನಾಕ್‌ಔಟ್ ಶೇಕಡಾ' ಎಂದು ಒಟ್ಟಿಗೆ ಕೊಡುವ ಅಂಕಿಯಲ್ಲಿ ಈ ಬದಲಾವಣೆ ಕಾಣುವುದೇ ಇಲ್ಲ. ಪಂಚ್ ಇದೆ, ಆದರೆ ಒಂದೇ ಏಟಿಗೆ ಬೀಳುತ್ತಿದ್ದವರು ಈಗ ಏಳೆಂಟು ರೌಂಡ್ ನಿಲ್ಲುತ್ತಿದ್ದಾರೆ. ಅಷ್ಟು ಹೊತ್ತು ಅವರೂ ಹೊಡೆಯುತ್ತಿರುತ್ತಾರೆ ಎನ್ನುವುದನ್ನು ಮರೆಯಬೇಡಿ.

ಏರಿಕೆಯನ್ನು ಪೌಂಡ್‌ನಲ್ಲಿ ಅಳೆಯಬೇಡಿ, ಶೇಕಡಾದಲ್ಲಿ ಅಳೆಯಿರಿ. 122ರಿಂದ 126 ಅಂದರೆ 3.3. ಕೆಲ್ ಬ್ರೂಕ್ 2016ರಲ್ಲಿ 147ರಿಂದ ನೇರ 160ಕ್ಕೆ, ಗೊಲೊವ್ಕಿನ್ ಎದುರಿಗೆ ಹೋದದ್ದು 8.8. ಮೈಕಿ ಗಾರ್ಸಿಯಾ 2019ರಲ್ಲಿ 135ರಿಂದ 147ಕ್ಕೆ, ಎರಲ್ ಸ್ಪೆನ್ಸ್ ಎದುರಿಗೆ ಹೋದದ್ದು 8.9. ಬ್ರೂಕ್‌ಗೆ ಕಣ್ಣಿನ ಗೂಡಿನ ಮೂಳೆ ಮುರಿಯಿತು, ಐದನೇ ರೌಂಡಿನಲ್ಲಿ ಅವನ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು. ಗಾರ್ಸಿಯಾ ಬೀಳಲಿಲ್ಲ, ಆದರೆ ಮೂವರೂ ತೀರ್ಪುಗಾರರು ಹನ್ನೆರಡಕ್ಕೆ ಹನ್ನೆರಡು ರೌಂಡನ್ನೂ ಸ್ಪೆನ್ಸ್‌ಗೇ ಕೊಟ್ಟರು. ಟೆರೆನ್ಸ್ ಕ್ರಾಫರ್ಡ್ 154ರಿಂದ 168ಕ್ಕೆ, 9.1 ಶೇಕಡಾ ಏರಿ, 2025ರ ಸೆಪ್ಟೆಂಬರ್ 13ರಂದು ಮೆಕ್ಸಿಕೊದ ಕನೆಲೊ ಅಲ್ವಾರೆಝ್‌ನನ್ನು 116-112, 115-113, 115-113ರಿಂದ ಸೋಲಿಸಿದ.

ಅದೇ ಅಳತೆಯ ಜಿಗಿತ, ಫಲ ಬೇರೆ. ಕಾರಣ ಮೈಕಟ್ಟು ಮತ್ತು ಸಮಯ. ಕ್ರಾಫರ್ಡ್‌ನ ಕೈಚಾಚು (ಎರಡೂ ಕೈ ಅಗಲಿಸಿ ಚಾಚಿದಾಗಿನ ಅಳತೆ) 74 ಇಂಚು, ಕನೆಲೊನದು 70.5. ಅಂದರೆ ಮೇಲಿನ ವಿಭಾಗಕ್ಕೆ ಹೋದವನದೇ ಉದ್ದದ ಕೈ. ಜೊತೆಗೆ ಹಿಂದಿನ ಪಂದ್ಯ ಮುಗಿದು 13 ತಿಂಗಳು ಸಿಕ್ಕಿತ್ತು. ವರ್ಷಗಟ್ಟಲೆ ಪಳಗಿದ ಮೈಗೆ ತಿಂಗಳಿಗೆ ಕಾಲು ಕಿಲೋ ನಿಜವಾದ ಸ್ನಾಯು ಸೇರಿದರೇ ದೊಡ್ಡದು. ಮೂರು ತಿಂಗಳ ತರಬೇತಿಯಲ್ಲಿ ಆರು ಕಿಲೋ ಏರಿದ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಬಹುಪಾಲು ನೀರು, ಕೊಬ್ಬು. ಸ್ನಾಯುವೇ ಆದರೂ ಅದಕ್ಕೂ ಉಸಿರು ಬೇಕು: ಮೊದಲ ಮೂರು ರೌಂಡ್ ಹೊಸ ಭುಜಗಳು ಚೆಂದ ಕಾಣುತ್ತವೆ, ಎಂಟನೆಯದರಲ್ಲಿ ಅವೇ ಕೈಯನ್ನು ಕೆಳಗೆಳೆಯುತ್ತವೆ.

ಮೇಲೆ ಹೋಗಿ ಮರಳಿ ಇಳಿಯುವುದು ಇನ್ನೂ ಅಪಾಯ. ರಾಯ್ ಜೋನ್ಸ್ 2003ರ ಮಾರ್ಚ್‌ನಲ್ಲಿ 193 ಪೌಂಡ್ ತೂಗಿ ಹೆವಿವೇಟ್ ಬೆಲ್ಟ್ ಗೆದ್ದ, ಅದೇ ನವೆಂಬರ್‌ನಲ್ಲಿ 175ಕ್ಕೆ ಇಳಿದು ಆಂಟೋನಿಯೊ ಟಾರ್ವರ್ ವಿರುದ್ಧ ತಿಣುಕಿ ಗೆದ್ದ, 2004ರ ಮೇ ತಿಂಗಳಲ್ಲಿ ಅದೇ ಟಾರ್ವರ್ ಕೈಯಲ್ಲಿ ಎರಡನೇ ರೌಂಡಿಗೆ ನಾಕ್‌ಔಟ್. ಬ್ರೂಕ್ ಕೂಡ 147ಕ್ಕೆ ಮರಳಿ ಸ್ಪೆನ್ಸ್ ಎದುರು ಇನ್ನೊಂದು ಕಣ್ಣಿನ ಮೂಳೆ ಮುರಿಸಿಕೊಂಡ.

ಏರಿದ ಮೇಲಿನ ಮೊದಲ ಪಂದ್ಯದಲ್ಲಿ ನಾಕ್‌ಔಟ್ ಬಂತೋ ಇಲ್ಲವೋ ಎಂದು ನೋಡಬೇಡಿ. ಮೊದಲ ಎದುರಾಳಿಯನ್ನು ಸಾಮಾನ್ಯವಾಗಿ ನೋಡಿಯೇ ಆರಿಸಿರುತ್ತಾರೆ. ಅಪ್ಪಿ ಹಿಡಿದಾಗ ಯಾರು ಯಾರ ಕುತ್ತಿಗೆ ಮೇಲೆ ಭಾರ ಹಾಕುತ್ತಿದ್ದಾರೆ, ಯಾರು ಹಿಂದೆ ಸರಿಯುತ್ತಿದ್ದಾರೆ ಗಮನಿಸಿ. ಏಳನೇ ರೌಂಡಿನ ನಂತರ ಜ್ಯಾಬ್ (ಮುಂದಿನ ಕೈಯಿಂದ ಕೊಡುವ ಚುಟುಕು ನೇರ ಏಟು) ಎಣಿಸಿ. ಜ್ಯಾಬ್ ಕಡಿಮೆಯಾಗಿ ಒಂಟಿ ಒಂಟಿ ದೊಡ್ಡ ಏಟು ಶುರುವಾದರೆ ದಮ್ಮು ಮುಗಿದಿದೆ ಎಂದರ್ಥ. ಎದುರಾಳಿ ತನ್ನ ಗಾರ್ಡ್ ಮೇಲೆ, ಅಂದರೆ ಕಾಯಲು ಎತ್ತಿ ಹಿಡಿದ ತೋಳುಗಳ ಮೇಲೆ ಏಟು ತೆಗೆದುಕೊಂಡು ಹಿಂದೆ ಸರಿಯದೆ ಅಲ್ಲೇ ನಿಂತು ತಿರುಗಿ ಹೊಡೆಯುತ್ತಿದ್ದಾನಾ? 2022ರಲ್ಲಿ ಬಿವೊಲ್ ಎದುರು ಕನೆಲೊ ಸೋತದ್ದು ಹೀಗೆಯೇ. 168ರಲ್ಲಿ ಎದುರಾಳಿಗಳ ತೋಳು ಮರಗಟ್ಟಿಸುತ್ತಿದ್ದ ಏಟುಗಳನ್ನು 175ರಲ್ಲಿ ಬಿವೊಲ್ ತೋಳಿನ ಮೇಲೆ ಹಿಡಿದು, ತಕ್ಷಣ ನಾಲ್ಕೈದು ತಿರುಗಿ ಕೊಡುತ್ತಿದ್ದ.

ಒಂದು ಎಚ್ಚರಿಕೆ: ಈ ಲೆಕ್ಕವನ್ನು ಒಲಿಂಪಿಕ್ ಬಾಕ್ಸಿಂಗ್‌ಗೆ ಹಾಗೇ ಹಾಕಬೇಡಿ. ಅಲ್ಲಿ ಮೂರೇ ರೌಂಡು, ತೂಕ ನೋಡುವುದು ಸ್ಪರ್ಧೆಯ ದಿನ ಬೆಳಿಗ್ಗೆಯೇ. ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್‌ಗೆ 100 ಗ್ರಾಂ ಏನು ಮಾಡಿತೆಂದು ನೆನಪಿದೆಯಲ್ಲ, ಅದು ಕುಸ್ತಿ, ಆದರೆ ತೊಡಕು ಇದೇ. ರಾತ್ರೋರಾತ್ರಿ ಮೈ ತುಂಬಿಕೊಳ್ಳುವ ಅವಕಾಶ ಕಡಿಮೆ ಇರುವುದರಿಂದ ಎತ್ತರದವರಿಗೆ ಮೇಲೆ ಹೋಗುವುದೇ ಲಾಭ. ಟೋಕಿಯೊದಲ್ಲಿ 69 ಕಿಲೋದಲ್ಲಿ ಕಂಚು ಗೆದ್ದ ಲವ್ಲಿನಾಗೆ ವಿಶ್ವ ಚಾಂಪಿಯನ್‌ಷಿಪ್‌ನ ಚಿನ್ನ ಬಂದದ್ದು 2023ರಲ್ಲಿ, 75 ಕಿಲೋದಲ್ಲಿ.

ಇನ್ನು ನಿಮ್ಮ ಪ್ರಶ್ನೆ. ಇನೌಯೆ ಎತ್ತರ 165 ಸೆಂ.ಮೀ., ಕೈಚಾಚು 171. 126ರಲ್ಲಿ 2023ರ ಡಿಸೆಂಬರ್‌ನಲ್ಲಿ ಡಬ್ಲ್ಯುಬಿಒ ಎಂಬ ಸಂಸ್ಥೆಯ ವಿಶ್ವ ಬೆಲ್ಟ್ ಗೆದ್ದ ರಫಾಯೆಲ್ ಎಸ್ಪಿನೋಸಾ ಎತ್ತರ 185. ಎತ್ತರದಲ್ಲೇ ಇಪ್ಪತ್ತು ಸೆಂಟಿಮೀಟರ್ ಅಂತರ. ಎತ್ತರದ ಜೇಮಿ ಮೆಕ್‌ಡಾನೆಲ್‌ನನ್ನು ಇನೌಯೆ 2018ರಲ್ಲಿ ಒಂದೇ ರೌಂಡಿಗೆ ಮುಗಿಸಿದ್ದನ್ನು ಕೆಲವರು ಮುಂದಿಡುತ್ತಾರೆ. ಆ ಮೆಕ್‌ಡಾನೆಲ್ ತೂಕ ಪರೀಕ್ಷೆಗೆ ಅಸ್ಥಿಪಂಜರದ ಹಾಗೆ ಬಂದಿದ್ದ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನನಗೆ ಹೆಚ್ಚು ಯೋಚನೆ ಹಚ್ಚುವುದು ಇನೌಯೆಯೇ ನೆಲಕ್ಕೆ ಬಿದ್ದ ಎರಡು ನಾಕ್‌ಡೌನ್: ಕೆಡವಿದವರು 2024ರ ಮೇನಲ್ಲಿ ನೆರಿ, 2025ರ ಮೇನಲ್ಲಿ ಕಾರ್ಡೆನಾಸ್. ಎರಡೂ ಎಡಗೈ ಹುಕ್ (ಬದಿಯಿಂದ ಬಾಗಿ ಬರುವ ಏಟು), ಎರಡೂ ಅವನೇ ಮುನ್ನುಗ್ಗಿ ಹೊಡೆಯುವಾಗ, ಎರಡೂ ಮೊದಲೆರಡು ರೌಂಡಿನಲ್ಲಿ. ಎರಡು ಸಲವೂ ಎದ್ದು ಗೆದ್ದ. ಉದ್ದ ಕೈಯವನ ಬಳಿ ಹೋಗಬೇಕೆಂದರೆ ಇನ್ನೂ ದೂರದಿಂದ ನುಗ್ಗಬೇಕು. ಅಂದರೆ ಅದೇ ತಪ್ಪಿಗೆ ಇನ್ನಷ್ಟು ಅವಕಾಶ, ಇನ್ನಷ್ಟು ತೂಕದ ಕೈ.

ಅದಕ್ಕೇ ನನಗೆ ನಾಕ್‌ಔಟ್‌ಗಳಿಗಿಂತ ಅಖ್ಮದಲಿಯೆವ್ ಪಂದ್ಯ ಹೆಚ್ಚು ಭರವಸೆ ಕೊಟ್ಟಿತು. ನಗೋಯಾದಲ್ಲಿ ಹನ್ನೆರಡು ರೌಂಡ್ ಕಾಲಿನ ಮೇಲೆ, ಜ್ಯಾಬ್ ಹಿಡಿದು, ಹೊರಗಿಂದಲೇ ಆಡಿ ಗೆದ್ದ. ಆ ಇನೌಯೆ 126ಕ್ಕೆ ಹೋದರೆ ಎಸ್ಪಿನೋಸಾನಂಥ ಒಬ್ಬಿಬ್ಬರನ್ನು ಬಿಟ್ಟು ಉಳಿದವರೆದುರು ಅವನದೇ ಮೇಲುಗೈ ಎಂದೇ ನನ್ನ ಲೆಕ್ಕ, ಆದರೆ ಹೆಚ್ಚಿನವು ತೀರ್ಪಿಗೆ ಹೋಗುತ್ತವೆ. ನಾಕ್‌ಔಟ್ ಹುಡುಕಿಕೊಂಡು ನುಗ್ಗುವ ಇನೌಯೆ ಹೋದರೆ, ಮೊದಲ ಮೂರು ರೌಂಡ್ ದಾಟುವವರೆಗೆ ಅವನ ಮೇಲೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.