ಕಾಲೇಜಿನ ಸಂಶೋಧನಾ ಕೇಂದ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಕೋಲಾರ ಸಮೀಪದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದಲ್ಲಿದ್ದಾಳೆ. ಅವಳ ವಿಭಾಗಕ್ಕೆ ‘ವಿಟಿಯು ಮಾನ್ಯತೆ ಪಡೆದ ಸಂಶೋಧನಾ ಕೇಂದ್ರ’ ಎಂಬ ಫಲಕ ಹಾಕಿದ್ದಾರೆ. ಬಿಇ ವಿದ್ಯಾರ್ಥಿಗಳಿಗೆ ಇದರಿಂದ ಪ್ರಯೋಜನವಿದೆಯೇ? ಮುಂದೆ ಪಿಎಚ್.ಡಿ. ಮಾಡಲು ಬೆಂಗಳೂರಿಗೇ ಹೋಗಬೇಕೆ?
– ಓದುಗರು, ಚಿಂತಾಮಣಿ

ಉತ್ತರ: 1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು (ವಿಟಿಯು) ತನ್ನ ಸಂಯೋಜಿತ ಕಾಲೇಜುಗಳಲ್ಲಿ ಅರ್ಹ ಅಧ್ಯಾಪಕರೂ ಪ್ರಯೋಗಾಲಯವೂ ಇರುವ ವಿಭಾಗಗಳಿಗೆ ಸಂಶೋಧನಾ ಕೇಂದ್ರದ ಮಾನ್ಯತೆ ಕೊಡುತ್ತದೆ. ಅಂಥ ವಿಭಾಗದಲ್ಲಿ ಮಾನ್ಯ ಮಾರ್ಗದರ್ಶಕರ ಬಳಿ ನೋಂದಾಯಿಸಿಕೊಂಡು ಪಿಎಚ್.ಡಿ. ಕೆಲಸ ಮಾಡಬಹುದು, ಪದವಿ ಕೊಡುವುದು ವಿಶ್ವವಿದ್ಯಾಲಯವೇ. ಬೆಂಗಳೂರಿಗೆ ಹೋಗಲೇಬೇಕೆಂದೇನೂ ಇಲ್ಲ. ಆದರೆ ಫಲಕವಿದ್ದ ಮಾತ್ರಕ್ಕೆ ಒಳಗೆ ಕೆಲಸ ನಡೆಯುತ್ತಿದೆಯೆಂದು ನಂಬುವಂತಿಲ್ಲ. ಮಾರ್ಗದರ್ಶಕರು ಈಗ ಯಾವ ವಿಷಯದ ಮೇಲೆ ದುಡಿಯುತ್ತಿದ್ದಾರೆ, ಅವರಲ್ಲಿ ಹಿಂದೆ ಸೇರಿದವರು ಎಷ್ಟು ವರ್ಷಕ್ಕೆ ಮುಗಿಸಿದರು ಎಂಬುದನ್ನು ಅಲ್ಲಿನ ಸಂಶೋಧನಾರ್ಥಿಗಳನ್ನೇ ಕೇಳಿ ತಿಳಿಯುವುದು ಲೇಸು.

ಬಿಇ ವಿದ್ಯಾರ್ಥಿಗೆ ಈ ಕೇಂದ್ರದ ಒಡನಾಟ ಸಿಗುವುದು ಸಾಮಾನ್ಯವಾಗಿ ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ, ಅದೂ ವಿಷಯವನ್ನು ಯೋಚಿಸಿ ಆರಿಸಿಕೊಂಡರೆ. ಎಲೆಯ ಫೋಟೊ ನೋಡಿ ಟೊಮೆಟೊ ರೋಗ ಗುರುತಿಸುವ ಪ್ರಾಜೆಕ್ಟ್ ಅನ್ನೇ ನೋಡಿ. ‘ಪ್ಲಾಂಟ್‌ವಿಲೇಜ್’ ಎಂಬ ಮುಕ್ತ ಚಿತ್ರಸಂಗ್ರಹದ 54,306 ಚಿತ್ರಗಳನ್ನು ಬಳಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ಸಂಗ್ರಹದಿಂದ ಪರೀಕ್ಷೆಗೆಂದು ತೆಗೆದಿಟ್ಟ ಚಿತ್ರಗಳ ಮೇಲೆ ಕಂಪ್ಯೂಟರ್ ಮಾದರಿಯು ಶೇ 99.35ರಷ್ಟು ಸರಿಯುತ್ತರ ಕೊಟ್ಟಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ನಿಖರತೆ ಶೇ 31ರ ಆಸುಪಾಸಿಗೆ ಕುಸಿಯಿತು. ಸಂಗ್ರಹದಲ್ಲಿರುವುದು ಕಿತ್ತು ತಂದು ಸಾದಾ ಹಿನ್ನೆಲೆಯ ಮೇಲಿಟ್ಟ ಒಂಟಿ ಎಲೆ. ಹೊಲದಲ್ಲಿ ನೆರಳು, ಧೂಳು, ಔಷಧಿಯ ಕಲೆ, ಒಂದರ ಮೇಲೊಂದು ಬಿದ್ದ ಎಲೆಗಳು, ಜೊತೆಗೆ ರೈತರ ಅಲುಗಾಡುವ ಮೊಬೈಲ್. ಇಷ್ಟು ಗೊತ್ತಿದ್ದೂ ಅದೇ ಸಂಗ್ರಹದ ಮೇಲೆ ಇನ್ನೊಮ್ಮೆ ಶೇ 99 ತೆಗೆದು ವರದಿಗೆ ಬೈಂಡಿಂಗ್ ಹಾಕಿಸುವುದರಲ್ಲಿ ಅರ್ಥವಿಲ್ಲ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಯ ತೋಟಗಳಿಗೆ ವಾರಕ್ಕೊಮ್ಮೆ ಹೋಗಿ, ಬಿತ್ತನೆಯ ತಳಿ ಹಾಗೂ ಬೆಳೆಯ ವಯಸ್ಸನ್ನು ಬರೆದುಕೊಂಡು, ತೋಟಗಾರಿಕೆ ತಜ್ಞರಿಂದ ರೋಗ ಖಚಿತಪಡಿಸಿಕೊಂಡು ಚಿತ್ರ ಕೂಡಿಸುವ ಅವಕಾಶ ಈ ಜಿಲ್ಲೆಗಳ ಕಾಲೇಜಿಗೆ ಇರುವಷ್ಟು ಸಲೀಸಾಗಿ ಮಹಾನಗರದ ದೊಡ್ಡ ಕೇಂದ್ರಕ್ಕೂ ಇರಲಾರದು. ನಿಖರತೆ ಶೇ 70 ಬಂದರೂ ಚಿಂತೆಯಿಲ್ಲ, ಹಾಗೆ ಕೂಡಿಸಿದ ಚಿತ್ರಗಳು ಮುಂದಿನವರ ಕೆಲಸಕ್ಕೆ ಬರುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ನೀಡುತ್ತದೆ. ಅರ್ಜಿಯನ್ನು ಕಾಲೇಜಿನ ಮೂಲಕವೇ ಕಳುಹಿಸಬೇಕಾದ್ದರಿಂದ ಮಗಳು ಮಾರ್ಗದರ್ಶಕರನ್ನು ಮೊದಲೇ ಕಾಣಲಿ.

ಪ್ರಶ್ನೆ: ನಾನು ಪಾಲಿಟೆಕ್ನಿಕ್ ಉಪನ್ಯಾಸಕ. ಕೆಲಸ ಬಿಡದೆ ತುಮಕೂರಿನಲ್ಲೇ ಪಿಎಚ್.ಡಿ. ಮಾಡಬಹುದೇ?
– ಓದುಗರು, ಗುಬ್ಬಿ

ಉತ್ತರ: ಮಾಡಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯು ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ನಿಮ್ಮ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಏಕಕಾಲಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದಾದ್ದರಿಂದ, ನೀವು ಮೆಚ್ಚಿದ ಮಾರ್ಗದರ್ಶಕರಲ್ಲಿ ಸ್ಥಾನ ಖಾಲಿಯಿದೆಯೇ ಎಂದು ಮೊದಲು ವಿಚಾರಿಸಿ. 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವು ನಿಮಗೆ ಹತ್ತಿರ. ವಿಚಾರಣೆಯನ್ನು ಅಲ್ಲಿಂದಲೇ ಆರಂಭಿಸಬಹುದು.

ಪ್ರಶ್ನೆ: ‘ಸೆಂಟರ್ ಆಫ್ ಎಕ್ಸಲೆನ್ಸ್’ ಎಂದರೂ ಸಂಶೋಧನಾ ಕೇಂದ್ರವೇ ಏನು?
– ಓದುಗರು, ಗೌರಿಬಿದನೂರು

ಉತ್ತರ: ಅಲ್ಲ. ಅದು ಹೆಚ್ಚಾಗಿ ಕಂಪನಿಯೊಂದರ ಸಹಯೋಗದಲ್ಲಿ ಉಪಕರಣ, ಸಾಫ್ಟ್‌ವೇರ್ ಒದಗಿಸಿ ತರಬೇತಿ ಕೊಡುವ ಪ್ರಯೋಗಾಲಯ. ಉದ್ಯೋಗಕ್ಕೆ ಅದರಿಂದ ಅನುಕೂಲವಾದೀತು, ಆದರೆ ಆ ಹೆಸರೊಂದರಿಂದಲೇ ಅಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳಲು ಬರುವುದಿಲ್ಲ.