ಉಪ್ಪುನೀರಲ್ಲಿ ಕರೆಂಟ್ ಹರಿಯುತ್ತದೆ, ಸಕ್ಕರೆ ನೀರಲ್ಲಿ ಯಾಕಿಲ್ಲ?
ಪಣಂಬೂರಿನ ಸಮುದ್ರದ ನೀರಲ್ಲಿ ಮಗಳ ಎಲ್‌ಇಡಿ ಉರಿಯಿತು, ಸಕ್ಕರೆ ನೀರಲ್ಲಿ ಇಲ್ಲ, ಎರಡೂ ಕರಗಿದ್ದೇ ಅಲ್ವಾ ಎಂದು ಕೇಳಿದ್ದೀರಿ. ವ್ಯತ್ಯಾಸ ಇರುವುದು ಪರಮಾಣುಗಳನ್ನು ಹಿಡಿದಿಡುವ ಬಂಧದಲ್ಲಿ.

ಸೋಡಿಯಂನ ಹೊರ ಕವಚದಲ್ಲಿ ಒಂದೇ ಎಲೆಕ್ಟ್ರಾನ್. ಕ್ಲೋರಿನ್‌ನಲ್ಲಿ 7; ಎಂಟಾಗಲು ಒಂದು ಬೇಕು. ಸೋಡಿಯಂ ಕೊಟ್ಟೇಬಿಡುತ್ತದೆ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು (ಅಯಾನು ಅಂದರೆ ವಿದ್ಯುತ್ ಆವೇಶ ಹೊತ್ತ ಕಣ). ಇವುಗಳ ಸೆಳೆತವೇ ಅಯಾನಿಕ ಬಂಧ. ಉಪ್ಪಿನ ಹರಳಲ್ಲಿ ಒಂದೊಂದು ಅಯಾನಿನ ಸುತ್ತ ವಿರುದ್ಧ ಆವೇಶದವು 6 ಇರುತ್ತವೆ (ಬರೀ ಜೋಡಿ ತೋರಿಸುವ ಚಿತ್ರ ಸುಮ್ನೆ ದಾರಿ ತಪ್ಪಿಸುತ್ತದೆ). ಅದಕ್ಕೇ ಬಿಸಿಮಾಡಿ ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು. ನೀರಲ್ಲಾದರೆ ಅಯಾನುಗಳು ಬಿಡಿಯಾಗಿ ಓಡಾಡುತ್ತವೆ, ಕರೆಂಟ್ ಹರಿಯುತ್ತದೆ.

ಸಕ್ಕರೆಯ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡಿವೆ. ಇದು ಸಹವೇಲೆನ್ಸೀಯ ಬಂಧ. ಕರಗಿದರೂ ಅಣು ಇಡಿಯಾಗೇ ಇರುತ್ತದೆ; ಓಡಾಡಲು ಅಯಾನುಗಳಿಲ್ಲ, ಕರೆಂಟೂ ಹರಿಯುವುದಿಲ್ಲ. ಹಾಗಂತ ಸಹವೇಲೆನ್ಸೀಯ ಅಂದರೆ ಕರೆಂಟ್ ಹರಿಯದು ಎಂದು ನಿಯಮ ಮಾಡಬೇಡಿ: ಹೈಡ್ರೋಜನ್ ಕ್ಲೋರೈಡ್ ಕೂಡ ಸಹವೇಲೆನ್ಸೀಯ, ಆದರೆ ನೀರಿಗೆ ಸೇರಿದರೆ ಅಯಾನುಗಳಾಗುತ್ತದೆ.