ಲೆಕ್ಕ ಕೇಳಿದರೆ ಬೇಜಾರು ಯಾಕೆ?

ಹೋದ ತಿಂಗಳು ಸಂಘ, ಟ್ರಸ್ಟುಗಳ ಹಣಕಾಸಿನ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆ. ಇಷ್ಟು ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ಸಿಎ ಅಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ಮೇಲೆ ಮೂರು ಸಂಸ್ಥೆಗಳಲ್ಲಿ ಖಜಾಂಚಿಯಾಗಿ ಬೈಸಿಕೊಂಡವನು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅಂತ ಆದ ಮೇಲೆ ಕಲಂ ಸಂಖ್ಯೆಗಳೆಲ್ಲ ಬೇರೆ. ಆದರೂ ಇಲ್ಲಿ 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ಕಡಿತ ಕೊಡುವ ಕಲಂ), 10ಬಿಡಿ (ಸಂಸ್ಥೆ ಇಲಾಖೆಗೆ ಕೊಡುವ ದೇಣಿಗೆ ಪಟ್ಟಿ) ಅಂತ ಹಳೇ ಹೆಸರನ್ನೇ ಬರೆದಿದ್ದೇನೆ, ಎಲ್ಲರ ಬಾಯಲ್ಲಿ ಇರುವುದು ಅದೇ ಅಲ್ವಾ.

ಪ್ರಶ್ನೆ: ನಮ್ಮ ಟ್ರಸ್ಟು ಬಡ ಮಕ್ಕಳಿಗೆ ಹಾಸ್ಟೆಲ್ ನಡೆಸುತ್ತದೆ. ನಾನು ಹೋದ ವರ್ಷ ಖಜಾಂಚಿಯಾದೆ. ಚೆಕ್ಕಿಗೆ ಇಬ್ಬರ ಸಹಿ ಬೇಕು. ಆದರೆ ಅಧ್ಯಕ್ಷರು ಊರಲ್ಲಿರುವುದೇ ಕಮ್ಮಿ, ಹಾಗಾಗಿ ಇಡೀ ಚೆಕ್ ಪುಸ್ತಕಕ್ಕೆ ಮೊದಲೇ ಸಹಿ ಹಾಕಿ ಕೊಟ್ಟಿದ್ದಾರೆ. ಅದು ಆಫೀಸಿನ ಬೀರುವಿನಲ್ಲಿದೆ. ರಸೀದಿ ಪುಸ್ತಕಗಳು ಯಾರ್ಯಾರ ಹತ್ತಿರವೋ ಇವೆ. ಬದಲಾಯಿಸೋಣ ಅಂದರೆ, "ಮೂವತ್ತು ವರ್ಷದಿಂದ ಹೀಗೇ ನಡೀತಿದೆ, ಯಾರೂ ಒಂದು ಪೈಸೆ ಮುಟ್ಟಿಲ್ಲ, ನಿಮಗೆ ನಮ್ಮ ಮೇಲೆ ಅನುಮಾನವಾ?" ಅಂತಾರೆ. (ಖಜಾಂಚಿ, ಹಾವೇರಿ ಜಿಲ್ಲೆ)

ಉತ್ತರ: ನನ್ನದೇ ಕಥೆ ಹೇಳುತ್ತೇನೆ. ಒಂದು ಸಂಸ್ಥೆಯಲ್ಲಿ ಮಾರ್ಚ್ ಕೊನೆಗೆ ಲೆಕ್ಕ ಕೂಡಿಸಲು ಕೂತಾಗ 23ನೇ ನಂಬರಿನ ರಸೀದಿ ಪುಸ್ತಕ ಕಾಣಲಿಲ್ಲ. ಯಾರಿಗೆ ಕೊಟ್ಟಿದ್ದು ಅಂತ ಎಲ್ಲೂ ಬರೆದಿಲ್ಲ. ಪುಸ್ತಕ ಕೊಡುವುದು ಖಜಾಂಚಿಯ ಕೆಲಸ, ಅಂದರೆ ನನ್ನದು. ನಾಲ್ಕು ದಿನ ಯಾರೂ ನನಗೆ ಏನೂ ಅನ್ನಲಿಲ್ಲ, ಆದರೆ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಐದನೇ ದಿನ ಪುಸ್ತಕ ಸಿಕ್ಕಿತು. ಒಬ್ಬ ಸದಸ್ಯರ ಸ್ಕೂಟರ್ ಡಿಕ್ಕಿಯಲ್ಲಿ, ರೇನ್‌ಕೋಟಿನ ಕೆಳಗೆ. ಕಾರ್ಬನ್ ಹಾಳೆ ಹಾಕಿದ್ದು ಹಾಕಿದಂತೆಯೇ ಇತ್ತು, ಜೊತೆಗೆ ರಬ್ಬರ್ ಬ್ಯಾಂಡ್ ಸುತ್ತಿದ ಕವರಿನಲ್ಲಿ 14,500 ರೂಪಾಯಿ. ಪಾಪ, ಅವರು ಆಪರೇಷನ್ ಆಗಿ ಎರಡು ತಿಂಗಳು ಮಲಗಿದ್ದರು, ಮರೆತೇಹೋಗಿತ್ತು. ಅವರೂ ಪ್ರಾಮಾಣಿಕರು, ನಾನೂ ಪ್ರಾಮಾಣಿಕ. ಆದರೂ ನಾಲ್ಕು ರಾತ್ರಿ ನಿದ್ದೆ ಕೆಟ್ಟಿದ್ದು ನನ್ನದೇ.

ಹಾಗಾಗಿ ಅಧ್ಯಕ್ಷರ ಹತ್ತಿರ "ನಿಮ್ಮ ಮೇಲೆ ಅನುಮಾನ" ಅನ್ನುವ ದಾರಿಯಲ್ಲಿ ಹೋಗಲೇಬೇಡಿ. "ನಾಳೆ ಒಂದು ಚೆಕ್ ಕಾಣೆಯಾದರೆ ಮೊದಲು ನನ್ನ ಮುಖ ನೋಡ್ತಾರೆ, ನನ್ನ ಹೆಸರು ಉಳಿಸಿಕೊಡಿ" ಅನ್ನಿ. ಇದಕ್ಕೆ ಹಿರಿಯರು ಇಲ್ಲ ಅನ್ನುವುದು ಕಷ್ಟ.

ಸಹಿ ಹಾಕಿದ ಖಾಲಿ ಚೆಕ್ಕುಗಳನ್ನು ಅವರೆದುರೇ ಅಡ್ಡಗೆರೆ ಎಳೆದು ರದ್ದು ಮಾಡಿ, ಹಾಳೆ ಹರಿದು ಎಸೆಯಬೇಡಿ, ಪುಸ್ತಕದಲ್ಲೇ ಇರಲಿ. ಅಧ್ಯಕ್ಷರು ಊರಲ್ಲಿರಲ್ಲ ಅನ್ನುವುದು ನಿಜವಾದ ಕಷ್ಟವೇ, ಅದಕ್ಕೆ ಪರಿಹಾರವೂ ಇದೆ. ಸಮಿತಿಯಲ್ಲಿ ಠರಾವು ಮಾಡಿ ಮೂವರ ಸಹಿ ಬ್ಯಾಂಕಿಗೆ ಕೊಡಿ, ಅದರಲ್ಲಿ ಯಾರಾದರೂ ಇಬ್ಬರು ಸಾಕು ಅಂತ. ಇಲ್ಲವೇ ಸಂಸ್ಥೆಯ ಖಾತೆಗೆ ನೆಟ್ ಬ್ಯಾಂಕಿಂಗ್ ತೆಗೆದುಕೊಳ್ಳಿ. ಅದರಲ್ಲಿ ಒಬ್ಬರು ಪಾವತಿಯನ್ನು ನಮೂದಿಸುತ್ತಾರೆ, ಇನ್ನೊಬ್ಬರು ಒಪ್ಪಿಗೆ ಕೊಟ್ಟರೆ ಮಾತ್ರ ದುಡ್ಡು ಹೋಗುತ್ತದೆ. ಅಧ್ಯಕ್ಷರು ಮಗನ ಮನೆಯಲ್ಲಿ ಕೂತು ಮೊಬೈಲಲ್ಲೇ ಬಿಲ್ ನೋಡಿ ಒಪ್ಪಬಹುದು.

ರಸೀದಿ ಪುಸ್ತಕಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪುಸ್ತಕದ ನಂಬರ್, ಯಾರು ಒಯ್ದರು, ಯಾವತ್ತು, ಯಾವತ್ತು ವಾಪಸ್, ಸಹಿ. ಹಳೇದು ತಂದುಕೊಡದೆ ಹೊಸದು ಕೊಡಬೇಡಿ. ಬಂದ ನಗದು ಬಂದ ಹಾಗೇ ಬ್ಯಾಂಕಿಗೆ ಹೋಗಬೇಕು. ನಮ್ಮಲ್ಲೆಲ್ಲ ಎಡವಟ್ಟಾಗುವುದು ಇಲ್ಲೇ. ಬೆಳಿಗ್ಗೆ ದೇಣಿಗೆ ಬಂತು, ಮಧ್ಯಾಹ್ನ ತರಕಾರಿಗೆ ಅದರಲ್ಲೇ ಕೊಟ್ಟರು, ಸಂಜೆ ಉಳಿದಿದ್ದನ್ನು ಕಟ್ಟಿದರು. ಆಮೇಲೆ ಪಾಸ್‌ಬುಕ್ಕಿಗೂ ರಸೀದಿಗೂ ಯಾವ ಜನ್ಮಕ್ಕೂ ತಾಳೆ ಆಗಲ್ಲ. ಚಿಲ್ಲರೆ ಖರ್ಚಿಗೆ ಬೇರೆಯಾಗಿ ಐದು ಸಾವಿರ ಇಡಿ, ಮುಗಿದಾಗ ಬಿಲ್ ತೋರಿಸಿದಷ್ಟೇ ಮತ್ತೆ ತುಂಬಿಸಿ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚು ಅಂತಲೇ ಒಪ್ಪುವುದಿಲ್ಲ, ಇದನ್ನು ಅಡುಗೆ ಗುತ್ತಿಗೆದಾರರಿಗೂ ಹೇಳಿಡಿ.

ಮತ್ತೆ ದುಡ್ಡು ತೆಗೆದುಕೊಳ್ಳುವವರು, ಪುಸ್ತಕ ಬರೆಯುವವರು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವವರು ಮೂವರೂ ಒಬ್ಬರೇ ಆಗಬಾರದು. ಸಣ್ಣ ಸಂಸ್ಥೆ, ಜನ ಇಲ್ಲ ಅಂತೀರಿ. ಸರಿ, ಕೊನೆಯ ಕೆಲಸವನ್ನಾದರೂ ಸಹಿ ಅಧಿಕಾರ ಇಲ್ಲದ ಸದಸ್ಯರೊಬ್ಬರಿಗೆ ಕೊಡಿ. ತಿಂಗಳಿಗೆ ಅರ್ಧ ಗಂಟೆಯ ಕೆಲಸ. ನಿವೃತ್ತ ಮೇಷ್ಟ್ರು ಯಾರಾದರೂ ಇದ್ದೇ ಇರುತ್ತಾರೆ, ಕೆಂಪು ಪೆನ್ನು ಕೈಗೆ ಕೊಟ್ಟರೆ ಖುಷಿಯಾಗಿಯೇ ಮಾಡುತ್ತಾರೆ.

ಪ್ರಶ್ನೆ: ನಮ್ಮ ಯುವಕ ಸಂಘದವರು ರಕ್ತದಾನ ಶಿಬಿರ, ಶಾಲೆಗೆ ನೋಟ್‌ಬುಕ್ ಹಂಚುವುದು ಎಲ್ಲ ಮಾಡುತ್ತೇವೆ. ಸಂಘದ ಖಾತೆ ಇನ್ನೂ ಆಗಿಲ್ಲ, ಹಾಗಾಗಿ ಕಾರ್ಯದರ್ಶಿಯ ಫೋನ್‌ಪೇ ಕ್ಯೂಆರ್ ಹಾಕಿದ್ದೇವೆ. ತೊಂದರೆ ಇದೆಯಾ? (ತುಮಕೂರು)

ಉತ್ತರ: ಇದೆ. ನಾಳೆ ತೆರಿಗೆ ಇಲಾಖೆ ಕೇಳಿದರೆ ಅದು ಅವನ ದುಡ್ಡಲ್ಲ ಅಂತ ತೋರಿಸುವ ಜವಾಬ್ದಾರಿ ಅವನದೇ. ಅವನ ಸಾಲದ ಕಂತು ಅದೇ ಖಾತೆಯಿಂದ ತಾನಾಗಿ ಕಡಿತವಾದರೆ ನೋಟ್‌ಬುಕ್ ದುಡ್ಡು ಬೈಕ್ ಲೋನಿಗೆ ಹೋಯಿತು, ಅದರಲ್ಲಿ ಅವನ ತಪ್ಪೂ ಇಲ್ಲ. ಕೆಟ್ಟದ್ದು ಮಾತಾಡಬಾರದು, ಆದರೂ ಹೇಳಬೇಕು: ಅವನಿಗೆ ಏನಾದರೂ ಆದರೆ ಆ ದುಡ್ಡು ಅವನ ಮನೆಯವರ ಕೈಗೆ ಹೋಗುತ್ತದೆ, ಸಂಘಕ್ಕಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಿಂದಲೂ ಇದೆ. ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಸಂಘದ ಹೆಸರಲ್ಲಿ ಪ್ಯಾನ್ ಮಾಡಿಸಿ, ಖಾತೆ ತೆರೆಯಿರಿ. ಅಲ್ಲಿಯವರೆಗೆ ಆ ಸ್ಟಿಕ್ಕರ್ ಕಿತ್ತುಹಾಕಿ. ನೋಟ್‌ಬುಕ್ಕನ್ನೇ ಕೊಡಿ ಅಂತ ಕೇಳಿ, ದುಡ್ಡು ಬೇಡ.

ಪ್ರಶ್ನೆ: ಒಂದು ವೃದ್ಧಾಶ್ರಮಕ್ಕೆ 5,000 ರೂಪಾಯಿ ನಗದು ಕೊಟ್ಟೆ. ರಸೀದಿಯ ಮೇಲೆ 80ಜಿ ಅಂತ ದಪ್ಪಕ್ಷರದಲ್ಲಿದೆ. ಆದರೂ ರಿಟರ್ನ್‌ನಲ್ಲಿ ಕಡಿತ ಸಿಗಲ್ಲ ಅಂತಾರಲ್ಲ? (ಬೆಂಗಳೂರು)

ಉತ್ತರ: ನಗದು ದೇಣಿಗೆ 2,000 ರೂಪಾಯಿ ದಾಟಿದರೆ 80ಜಿ ಇಲ್ಲ. 2,000ದವರೆಗಾದರೂ ಕೊಡಿ ಅಂದರೆ ಅದೂ ಇಲ್ಲ, ಪೂರ್ತಿ ಹೋಯಿತು. ಚೆಕ್ಕೋ ಯುಪಿಐಯೋ ಆಗಿದ್ದರೆ ಸರಿಯಿತ್ತು. ಇನ್ನು ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೆ ಕೊಟ್ಟರೂ ಈ ಕಡಿತ ಸಿಗುವುದಿಲ್ಲ.

ಇದರಲ್ಲಿ ಸಂಸ್ಥೆಗಳಿಗೂ ಒಂದು ಮಾತು. ರಸೀದಿ ಕೊಟ್ಟರೆ ಮುಗಿಯಲಿಲ್ಲ. ವರ್ಷದ ದೇಣಿಗೆಗಳ ಪಟ್ಟಿಯನ್ನು ದಾನಿಗಳ ಪ್ಯಾನ್ ಸಮೇತ 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಇಲಾಖೆಗೆ ಕೊಡಬೇಕು, ಆಮೇಲೆ ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಪ್ಯಾನ್ ಅನ್ನು ದುಡ್ಡು ತೆಗೆದುಕೊಳ್ಳುವಾಗಲೇ ಬರೆಸಿಕೊಳ್ಳಿ. ಮೇ ತಿಂಗಳಲ್ಲಿ ನೂರಾರು ಜನಕ್ಕೆ ಫೋನ್ ಮಾಡಿ "ಸಾರ್, ಪ್ಯಾನ್ ಹೇಳಿ" ಅಂದರೆ ಈಗಿನ ಕಾಲದಲ್ಲಿ ಸೈಬರ್ ಕಳ್ಳರು ಅಂದುಕೊಂಡು ಕಟ್ ಮಾಡುತ್ತಾರೆ, ನನಗೇ ಆಗಿದೆ.

ಪ್ರಶ್ನೆ: ನಮ್ಮದು ಕಿವುಡ ಮಕ್ಕಳ ಶಾಲೆ. ಸರ್ಕಾರದ ಅನುದಾನ ತಡವಾಯಿತು ಅಂತ ಕಟ್ಟಡ ನಿಧಿಯಿಂದ ಎರಡು ತಿಂಗಳ ಸಂಬಳ ಕೊಟ್ಟೆವು. ಮಕ್ಕಳಿಗಾಗಿಯೇ ಅಲ್ಲವೇ, ತಪ್ಪೇನಿದೆ? ಇನ್ನೊಂದು, ಲಾಭಕ್ಕಲ್ಲದ ಸಂಸ್ಥೆ ದುಡ್ಡು ಉಳಿಸಬಾರದು ಅಂತಾರೆ, ನಿಜವೇ? (ಶಿವಮೊಗ್ಗ)

ಉತ್ತರ: ಸಂಬಳ ಕೊಟ್ಟಿದ್ದಕ್ಕೆ ನಾನು ಬೈಯುವುದಿಲ್ಲ. ಟೀಚರುಗಳ ಮನೆಯಲ್ಲೂ ಒಲೆ ಉರಿಯಬೇಕು. ಆದರೆ ಕಟ್ಟಡಕ್ಕೆ ಅಂತ ಒಬ್ಬರು ಕೊಟ್ಟ ದುಡ್ಡು ನಿಮ್ಮ ಕೈಯಲ್ಲಿದ್ದರೂ ಇನ್ನೊಂದು ಕೆಲಸಕ್ಕೆ ನಿಮ್ಮದಲ್ಲ. ಮನೆಯಲ್ಲಿ ಮಗಳ ಮದುವೆಗೆ ಇಟ್ಟ ದುಡ್ಡನ್ನು ಆಸ್ಪತ್ರೆಗೆ ತೆಗೆಯುತ್ತೇವೆ, ಹೌದು, ಆದರೆ ಹೆಂಡತಿಗೆ ಹೇಳಿ ತೆಗೆಯುತ್ತೇವೆ. ನೀವು ಯಾರಿಗೆ ಹೇಳಿದಿರಿ?

ಈಗ ಮಾಡಬೇಕಾದ್ದು: ಸಮಿತಿ ಸಭೆ ಕರೆದು, ಎಷ್ಟು ತೆಗೆದಿದ್ದು, ಯಾಕೆ, ಯಾವ ತಿಂಗಳೊಳಗೆ ವಾಪಸ್ ತುಂಬುತ್ತೀರಿ ಅಂತ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ದೊಡ್ಡ ದಾನಿಗಳಿಗೆ ಪತ್ರ ಬರೆದು ಲಿಖಿತ ಒಪ್ಪಿಗೆ ಕೇಳಿ. ಬಹಳ ಜನ ಒಪ್ಪುತ್ತಾರೆ. ಆದರೆ ನೀವು ಹೇಳುವ ಮುಂಚೆ ಬೇರೆಯವರ ಬಾಯಿಂದ ಗೊತ್ತಾದರೆ ಒಪ್ಪುವುದಿಲ್ಲ. ಮುಂದಕ್ಕೆ ಪ್ರತಿ ನಿಧಿಗೂ ಬೇರೆ ಲೆಡ್ಜರ್ ಇರಲಿ, ಬ್ಯಾಂಕ್ ಖಾತೆ ಒಂದೇ ಆದರೂ ಪರವಾಗಿಲ್ಲ. ಖಾತೆಯಲ್ಲಿ ಒಂಬತ್ತು ಲಕ್ಷ ಇದೆ ಅಂತ ಸಭೆಯಲ್ಲಿ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಅದರಲ್ಲಿ ಎಂಟು ಲಕ್ಷ ಕಟ್ಟಡದ್ದು, ನಿಜವಾಗಿ ಕೈಯಲ್ಲಿರುವುದು ಒಂದೇ ಲಕ್ಷ, ತಿಂಗಳ ಸಂಬಳ ಒಂದೂವರೆ. ಈ ಸಾಲು ಯಾವ ಸಭೆಯಲ್ಲೂ ಯಾರೂ ಓದುವುದಿಲ್ಲ.

ಉಳಿತಾಯದ ಮಾತು. ಉಳಿಸಬಹುದು, ಸ್ವಾಮಿ, ಉಳಿಸಲೇಬೇಕು. ಲಾಭಕ್ಕಲ್ಲ ಅಂದರೆ ಉಳಿದದ್ದನ್ನು ಹಂಚಿಕೊಳ್ಳಬಾರದು ಅಂತ, ಅಷ್ಟೇ. ತೆರಿಗೆ ವಿನಾಯಿತಿ ಬೇಕಾದರೆ ಆದಾಯದಲ್ಲಿ ಶೇ 85 ಆ ವರ್ಷ ಉದ್ದೇಶಕ್ಕೇ ಖರ್ಚಾಗಬೇಕು. ಉಳಿದ ಶೇ 15ಕ್ಕೆ ಕಾರಣ ಕೇಳುವುದಿಲ್ಲ. ಅದಕ್ಕಿಂತ ಜಾಸ್ತಿ ಉಳಿಸಬೇಕಾದರೆ ಯಾವ ಕೆಲಸಕ್ಕೆ ಅಂತ ಮೊದಲೇ ಇಲಾಖೆಗೆ ನಿಗದಿತ ನಮೂನೆಯಲ್ಲಿ ತಿಳಿಸಿ 5 ವರ್ಷದವರೆಗೆ ಇಡಬಹುದು. ದಾನಿ "ಇದು ಮೂಲಧನಕ್ಕೆ" ಅಂತ ಬರೆದುಕೊಟ್ಟ ದುಡ್ಡಿನ ಲೆಕ್ಕ ಬೇರೆಯೇ, ಅದನ್ನು ಬ್ಯಾಂಕ್ ಠೇವಣಿಯಂಥ ಕಾನೂನು ಒಪ್ಪುವ ಕಡೆ ಪ್ರತ್ಯೇಕವಾಗಿ ಇಡಬೇಕು. ಅನುದಾನ ತಡವಾಗುವುದು ನಿಮಗೇನು ಹೊಸದಲ್ಲವಲ್ಲ, ಹಾಗಾಗಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಎತ್ತಿಟ್ಟು ಮೂರು ತಿಂಗಳ ಸಂಬಳ ಮಾಡಿಕೊಳ್ಳಿ. ಆಗ ಕಟ್ಟಡ ನಿಧಿಯ ಕಡೆ ಕಣ್ಣು ಹೋಗುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ನಮ್ಮ ಊರಿನ ಟ್ರಸ್ಟಿಗೆ ಡಯಾಲಿಸಿಸ್ ಯಂತ್ರಕ್ಕೆ ದುಡ್ಡು ಕಳಿಸುತ್ತಾನಂತೆ. ಸುಮ್ನೆ ಖಾತೆ ನಂಬರ್ ಕೊಟ್ಟರೆ ಆಯಿತಲ್ಲ? (ಮೈಸೂರು)

ಉತ್ತರ: ತಡೆಯಿರಿ. ಮೊದಲು ಅವನ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ್ದೇ ಆಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿ ಇಡಿ. ಅವನು ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಕಾನೂನಿನ ಕಣ್ಣಲ್ಲಿ ವಿದೇಶಿ ಮೂಲವೇ. ಅಲ್ಲಿನ ಕನ್ನಡ ಕೂಟ ಚಂದಾ ಎತ್ತಿ ಕಳಿಸಿದರೂ ಅಷ್ಟೇ. ಆಗ ಟ್ರಸ್ಟಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಗಡ ಅನುಮತಿ ಇರಲೇಬೇಕು, ದುಡ್ಡು ಮೊದಲು ಬಂದು ಇಳಿಯಬೇಕಾದ್ದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿ ಆದಮೇಲೆ ಹೀಗೆ. ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು, ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿತು. ಹಾಗಾಗಿ "ಪಕ್ಕದೂರಿನ ಟ್ರಸ್ಟಿಗೆ ಎಫ್‌ಸಿಆರ್‌ಎ ಇದೆ, ಅವರ ಮೂಲಕ ತರಿಸೋಣ" ಅನ್ನುವ ಐಡಿಯಾ ಯಾರಾದರೂ ಕೊಟ್ಟರೆ ಕಾಫಿ ಕೊಟ್ಟು ಕಳಿಸಿ.

ಪ್ರಶ್ನೆ: ದಾಸೋಹದ ಅಕ್ಕಿ ಪ್ರತಿ ಸಲ ಕಾರ್ಯದರ್ಶಿಯ ಭಾವಮೈದುನನ ಅಂಗಡಿಯಿಂದಲೇ ಬರುತ್ತದೆ. ಆಡಿಟ್ ಆಗಿದೆ, ಏನೂ ತೊಂದರೆ ಇಲ್ಲ ಅಂತಾರೆ. (ಹೆಸರು, ಊರು ಬೇಡ)

ಉತ್ತರ: ಆಡಿಟರ್ ಬರುವುದು ಊಟ ಮುಗಿದು ಎಲೆ ಎತ್ತಿದ ಮೇಲೆ. ಬಿಲ್ ಇದೆಯಾ ನೋಡುತ್ತಾರೆ, ಅಕ್ಕಿ ಹೇಗಿತ್ತು ಅವರಿಗೇನು ಗೊತ್ತು? ಸಂಬಂಧಿಕರ ಅಂಗಡಿಯಲ್ಲಿ ಕೊಳ್ಳಬಾರದು ಅಂತೇನಿಲ್ಲ, ಬೆಲೆ ಮಾರುಕಟ್ಟೆಯ ಬೆಲೆಯೇ ಆಗಿರಬೇಕು. ಜಾಸ್ತಿ ಕೊಟ್ಟಿದ್ದರೆ ಅದು ಟ್ರಸ್ಟಿನವರು ತಮ್ಮವರಿಗೆ ಮಾಡಿಕೊಟ್ಟ ಲಾಭ, ತೆರಿಗೆ ಇಲಾಖೆ ಅದನ್ನು ಬಿಡುವುದಿಲ್ಲ. ಮೂರು ಅಂಗಡಿಯ ದರಪಟ್ಟಿ ತರಿಸಿ. ಅದನ್ನು ನೋಡುವಾಗ ಕಾರ್ಯದರ್ಶಿ ಹೊರಗೆ ಕೂರಲಿ, ಹಾಗೆ ಕೂತರು ಅಂತ ನಡಾವಳಿಯಲ್ಲಿ ಬರೆಯಿರಿ. ಭಾವಮೈದುನನ ದರವೇ ಕಮ್ಮಿ ಬಂದರೆ ಅವನಿಗೇ ಕೊಡಿ, ಆಮೇಲೆ ಯಾರೂ ಮಾತಾಡಲ್ಲ. ಮತ್ತೆ ಈ ಸಲ ಅಕ್ಕಿ ಇಳಿಸುವಾಗ ಒಂದೆರಡು ಮೂಟೆ ತಕ್ಕಡಿಗೆ ಹಾಕಿಸಿ ನೋಡಿ, ಮೂಟೆಯ ಮೇಲೆ ಬರೆದಷ್ಟು ಒಳಗಿದೆಯಾ ಅಂತ.